ಪಿಕಪ್ ಗಾಡಿ ನಿಂತರೆ: ಡೀಸೆಲ್ಲಿನ ದೋಷವೋ, ಕರೆಂಟಿನದೋ?

ಹುಳಿ, ಗೊಜ್ಜು, ಹೊಲಿಗೆ, ಮಕ್ಕಳ ನೆಗಡಿ ಕೆಮ್ಮುಗಳ ಪುಟಗಳ ಮಧ್ಯೆ ಡೀಸೆಲ್ ಪಂಪಿನ ಮಾತೇಕೆ ಬಂತು ಎಂದು ಸೋದರಿಯರು ಹುಬ್ಬೇರಿಸಬಹುದು. ಆದರೆ ನಮ್ಮ ಕೋಲಾರದ ಸೀಮೆಯಲ್ಲಿ ಎಷ್ಟೋ ಮನೆಗಳ ಒಲೆ ಉರಿಯುತ್ತಿರುವುದು ಅಂಗಳದಲ್ಲಿ ನಿಂತಿರುವ ಒಂದು ಪಿಕಪ್ ಗಾಡಿಯ ದಯೆಯಿಂದ. ಬೇತಮಂಗಲದ ಸುತ್ತಮುತ್ತ ಬೆಳಗಿನ ಜಾವ ಎದ್ದು ನೋಡಿ. ಟೊಮೇಟೊ ಬಾಕ್ಸುಗಳು, ಸೊಪ್ಪಿನ ಮೂಟೆ, ಹಾಲಿನ ಕ್ಯಾನು ಹೊತ್ತ ಗಾಡಿಗಳು ಸಾಲಾಗಿ ಹೊರಟಿರುತ್ತವೆ. ಕೆಲವು ಬಂಗಾರಪೇಟೆ ದಾಟಿ ಕೋಲಾರದ ಮಂಡಿಗೆ, ಕೆಲವು ಮುಳಬಾಗಿಲ ಕಡೆಯ ವಡ್ಡಹಳ್ಳಿ ಮಂಡಿಗೆ. ಹರಾಜು ಯಾರಿಗೂ ಕಾಯುವುದಿಲ್ಲ. 2023ರ ಜುಲೈನಲ್ಲಿ 15 ಕೆ.ಜಿ. ಬಾಕ್ಸಿಗೆ 2,000 ರೂಪಾಯಿ ದಾಟಿದ್ದೂ ಇದೇ ಕೋಲಾರದಲ್ಲಿ, ಬೇರೆ ವರ್ಷ ರಸ್ತೆ ಬದಿಗೆ ಸುರಿದು ಹೋದದ್ದೂ ಇದೇ ಟೊಮೇಟೊ. ಅಂಥ ದಿನ ಗಾಡಿ ನಡುದಾರಿಯಲ್ಲಿ ನಿಂತರೆ ನಷ್ಟ ಗಂಡಸರಿಗೆ ಮಾತ್ರವೇ? ಶಾಲೆಯ ಫೀಸು, ಚೀಟಿಯ ಕಂತು, ಗಾಡಿಯ ಸಾಲ ಎಲ್ಲದರ ಲೆಕ್ಕ ಬರೆಯುವವರು ನಾವೇ ಅಲ್ಲವೆ.

ಎರಡು ಲಕ್ಷ ಕಿಲೋಮೀಟರು ದಾಟಿದ ಗಾಡಿ ನಿಂತಿತೆಂದರೆ ಗ್ಯಾರೇಜಿನಲ್ಲಿ ಮೊದಲು ಕೇಳಿಬರುವ ಮಾತು, “ಪಂಪು ಹೋಗಿದೆ.” ಇಲ್ಲವಾದರೆ, “ನಾಝಲ್ ಹೋಗಿದೆ.” ಎರಡೂ ಸಾವಿರಗಟ್ಟಲೆ ಹಣದ ಮಾತು. ಬಹಳ ಸಲ ಹೋಗಿರುವುದು ಅವೆರಡೂ ಅಲ್ಲ, ಒಂದು ತಂತಿ, ಒಂದು ಕಪ್ಲರು, ಒಂದು ರಿಲೇ, ಅಥವಾ ತುಕ್ಕು ಹಿಡಿದ ಒಂದು ಅರ್ಥ್ ಬೋಲ್ಟು. ಸ್ಪ್ಯಾನರ್ ಹಿಡಿಯಿರಿ ಎಂದು ನಾನು ಹೇಳುತ್ತಿಲ್ಲ. ಹಿಡಿದರೂ ತಪ್ಪೇನಿಲ್ಲ. ಆದರೆ ದೋಷ ಯಾವ ಕಡೆಯದು ಎಂದು ಗೊತ್ತುಮಾಡಿಕೊಳ್ಳುವಷ್ಟು ತಿಳಿವಳಿಕೆ ಇದ್ದರೆ ಗ್ಯಾರೇಜಿನಲ್ಲಿ ಎರಡು ಪ್ರಶ್ನೆ ಕೇಳಬಹುದು.

ಡೀಸೆಲ್ ಹರಿಯುವ ದಾರಿ

ನಮ್ಮೂರಿನವರಿಗೆ ಇದನ್ನು ಹೇಳುವುದು ಸುಲಭ. ಪಾಲಾರಿನ ನೀರು ಬೇತಮಂಗಲದ ಕೆರೆಯಲ್ಲಿ ನಿಂತು, ಶುದ್ಧವಾಗಿ, ಪಂಪಿನ ಬಲದಿಂದ ಕೊಳವೆಗಳಲ್ಲಿ ಕೆ.ಜಿ.ಎಫ್. ಚಿನ್ನದ ಗಣಿಯ ಕಾಲೊನಿಗಳ ನಲ್ಲಿಗಳಿಗೆ ಹೋಗುತ್ತಿದ್ದುದನ್ನು ಹಿರಿಯರ ಬಾಯಲ್ಲಿ ಎಲ್ಲರೂ ಕೇಳಿದ್ದೇವೆ. ಗಾಡಿಯಲ್ಲೂ ಅದೇ ವ್ಯವಸ್ಥೆ. ಕೆರೆ ಎಂದರೆ ಡೀಸೆಲ್ ಟ್ಯಾಂಕು. ಶುದ್ಧ ಮಾಡುವ ಜಾಗ ಎಂದರೆ ಡೀಸೆಲ್ ಫಿಲ್ಟರು. ಆಮೇಲೆ ಹೈಪ್ರೆಷರ್ ಪಂಪು. ಅದು ಡೀಸೆಲನ್ನು ‘ರೈಲ್’ ಎಂಬ ದಪ್ಪ ಕೊಳವೆಗೆ ತುಂಬುತ್ತದೆ. ರೈಲಿನಿಂದ ನಾಲ್ಕು ನಲ್ಲಿಗಳ ಹಾಗೆ ನಾಲ್ಕು ನಾಝಲ್. ಎಷ್ಟು ಒತ್ತಡವಿದೆ ಎಂದು ರೈಲಿನ ಮೇಲೆ ಕುಳಿತ ಸೆನ್ಸರು ಸುದ್ದಿ ಕಳಿಸುತ್ತದೆ. ಆ ಸುದ್ದಿ ನೋಡಿ ಪಂಪಿನ ಬಾಗಿಲನ್ನು ಎಷ್ಟು ತೆರೆಯಬೇಕು, ಯಾವ ನಾಝಲನ್ನು ಯಾವ ಗಳಿಗೆಯಲ್ಲಿ ಬಿಡಬೇಕು ಎಂದು ಅಪ್ಪಣೆ ಮಾಡುವ ಪೆಟ್ಟಿಗೆಯೇ ಇ.ಸಿ.ಎಂ. ನೀರು ಬಿಡುವ ವಾಟರ್‌ಮ್ಯಾನ್ ಇದ್ದ ಹಾಗೆ ಅಂದುಕೊಳ್ಳಿ. ಕೆರೆ ತುಂಬಿ, ಪಂಪು ಗಟ್ಟಿಯಾಗಿದ್ದರೂ ವಾಟರ್‌ಮ್ಯಾನಿಗೆ ಸುದ್ದಿ ತಲುಪದಿದ್ದರೆ ನಲ್ಲಿಯಲ್ಲಿ ಹನಿ ನೀರೂ ಬಾರದು.

ಹಳೆಯ ಕಾಲದ ಡೀಸೆಲ್ ಗಾಡಿಗಳಲ್ಲಿ ಈ ತಾಪತ್ರಯವಿರಲಿಲ್ಲ. ಬೆಂಗಳೂರಿನ ಆಡುಗೋಡಿಯ ಮೈಕೋ ಕಾರ್ಖಾನೆಯ ಪಂಪು (2008ರಲ್ಲಿ ಆ ಕಂಪನಿಯ ಹೆಸರು ಬಾಷ್ ಎಂದಾಯಿತು) ಎಲ್ಲ ಕೆಲಸವನ್ನೂ ಹಲ್ಲುಚಕ್ರದಿಂದಲೇ ಮಾಡುತ್ತಿತ್ತು. ಅಂಥ ಎಷ್ಟೋ ಗಾಡಿಗಳಲ್ಲಿ ಪಂಪಿಗೆ ಬರುತ್ತಿದ್ದುದು ಒಂದೇ ತಂತಿ, ಸ್ಟಾಪ್ ಸಾಲಿನಾಯ್ಡಿನದು. ಕೀಲಿ ತಿರುಗಿಸಿದೊಡನೆ ಪಂಪಿನ ಹತ್ತಿರ ‘ಟಿಕ್’ ಎಂದು ಸದ್ದಾದರೆ ಕರೆಂಟು ಬಂದಿದೆ, ಬಾಗಿಲು ತೆರೆದಿದೆ. ಸದ್ದಿಲ್ಲದಿದ್ದರೆ ಫ್ಯೂಸನ್ನೂ ಆ ತಂತಿಯನ್ನೂ ನೋಡಬೇಕು, ಅಷ್ಟೆ. ಅಂಥ ಗಾಡಿ ಇಂದಿಗೂ ನಿಮ್ಮ ಮನೆಯಲ್ಲಿದ್ದರೆ ಅದೃಷ್ಟವಂತರು ನೀವು. ಹೊಗೆಯ ಕಾನೂನು ಬಿಗಿಯಾಗುತ್ತ ಬಂದ ಹಾಗೆ, ಅದರಲ್ಲೂ 2020ರ ಏಪ್ರಿಲ್‌ನಲ್ಲಿ ಬಿ.ಎಸ್. 6 ಬಂದ ಮೇಲೆ, ಇ.ಸಿ.ಎಂ. ಇಲ್ಲದೆ ಹೊಸ ಡೀಸೆಲ್ ಪಿಕಪ್ ರಸ್ತೆಗೆ ಇಳಿಯುವುದೇ ಇಲ್ಲ.

ನಿಲ್ಲುವ ರೀತಿಯನ್ನು ಗಮನಿಸಿ

ಯಂತ್ರ ಹೇಗೆ ನಿಂತಿತು ಎಂಬುದೇ ಅರ್ಧ ಉತ್ತರ. ಡೀಸೆಲ್ ಸಾಲದೆ ನಿಲ್ಲುವ ಗಾಡಿ ಮುದುಕರು ಮೆಟ್ಟಿಲು ಹತ್ತಿದ ಹಾಗೆ ಏದುಸಿರು ಬಿಡುತ್ತದೆ. ಎಳೆತ ಕಡಿಮೆಯಾಗುತ್ತದೆ, ಗಕ್ ಗಕ್ ಎನ್ನುತ್ತದೆ, ಕೊನೆಗೆ ನಿಲ್ಲುತ್ತದೆ. ಮತ್ತೆ ಹೊರಡಿಸಲು ಬಹಳ ಹೊತ್ತು ಸೆಲ್ಫ್ ಹೊಡೆಯಬೇಕು, ಕೆಲವೊಮ್ಮೆ ಕೈಪಂಪು ಒತ್ತಿ ಏರ್ ತೆಗೆಯಬೇಕು. ತಂತಿಯ ದೋಷವಾದರೆ ಹಾಗಲ್ಲ. ಸ್ವಿಚ್ ಆರಿಸಿದ ಹಾಗೆ ಒಂದೇ ಏಟಿಗೆ ನಿಲ್ಲುತ್ತದೆ. ಕೀಲಿ ಆಫ್ ಮಾಡಿ ಆನ್ ಮಾಡಿದರೆ ಏನೂ ಆಗದವರ ಹಾಗೆ ಹೊರಟುಬಿಡುತ್ತದೆ.

ಇನ್ನೊಂದು ಗುರುತಿದೆ. ಗಾಡಿ ಓಡುತ್ತಿದ್ದಾಗ ಯಂತ್ರ ಆರಿದರೆ ಚಕ್ರಗಳು ಅದನ್ನು ಸ್ವಲ್ಪ ಹೊತ್ತು ತಿರುಗಿಸುತ್ತಲೇ ಇರುತ್ತವೆ. ಆಗ ಆರ್.ಪಿ.ಎಂ. ಮುಳ್ಳು ನಿಧಾನವಾಗಿ ಇಳಿಯಬೇಕು. ಹಾಗಲ್ಲದೆ ಮುಳ್ಳು ತಟಕ್ಕನೆ ಸೊನ್ನೆಗೆ ಬಿದ್ದರೆ, ಯಂತ್ರ ತಿರುಗುತ್ತಿದೆಯೇ ಇಲ್ಲವೇ ಎಂದು ಹೇಳುವ ಕ್ರ್ಯಾಂಕ್ ಸೆನ್ಸರಿನ ಸುದ್ದಿಯೇ ಕಡಿದಿದೆ ಎಂಬ ಅನುಮಾನ ಪಡಬೇಕು. ಬಿಸಿಯಾದಾಗ ಕೈಕೊಟ್ಟು, ಅರ್ಧ ಗಂಟೆ ತಣ್ಣಗಾದ ಮೇಲೆ ಸರಿಹೋಗುವುದು ಈ ಸೆನ್ಸರಿನ ಹಳೇ ಚಾಳಿ.

ಇಂಥದ್ದನ್ನೆಲ್ಲ ಬರೆದಿಡುವುದು ನಮ್ಮ ಕೆಲಸವಾಗಬೇಕು. ಗಂಡಸರು ಗಾಡಿ ನಿಂತ ಸಿಟ್ಟಿನಲ್ಲಿ ಮರೆತುಬಿಡುತ್ತಾರೆ. ನಮ್ಮ ಮನೆಯ ಪಿಕಪ್ಪು 2,40,000 ಕಿ.ಮೀ. ಓಡಿದ ಮೇಲೆ ಹೀಗೆ ನಿಲ್ಲತೊಡಗಿದಾಗ, ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ನಾನು ಗೆರೆ ಎಳೆದು ಬರೆಯುತ್ತಾ ಬಂದೆ. ಯಾವ ದಿನ, ಎಷ್ಟು ಹೊತ್ತಿಗೆ, ಲೋಡ್ ಇತ್ತೋ ಖಾಲಿಯೋ, ಏರೋ ಇಳಿಜಾರೋ, ಮಳೆಯೋ ಬಿಸಿಲೋ, ಮತ್ತೆ ಹೇಗೆ ಹೊರಟಿತು. ಮೂರು ವಾರದಲ್ಲಿ ಏಳು ಸಲ ನಿಂತಿತ್ತು. ಏಳು ಸಲವೂ ತುಂಬಿದ ಲೋಡು, ಏಳು ಸಲವೂ ಎರಡನೇ ಗೇರಿನಲ್ಲಿ ಏರು ಹತ್ತುವಾಗ. ಖಾಲಿ ಬರುವಾಗ ಒಂದು ದಿನವೂ ನಿಂತಿಲ್ಲ. ಮಳೆಗೂ ಇದಕ್ಕೂ ಸಂಬಂಧವೇ ಇರಲಿಲ್ಲ. ಪ್ರತಿ ಸಲವೂ ಕೀಲಿ ತಿರುಗಿಸಿದ ಕೂಡಲೇ ಹೊರಟಿತ್ತು.

ಅದಕ್ಕೆ ಮುಂಚೆ ಒಂದು ಗ್ಯಾರೇಜಿನಲ್ಲಿ ಪಂಪು ಬದಲಿಸಲೇಬೇಕೆಂದು ಮೂವತ್ತು ಸಾವಿರಕ್ಕೂ ಮೇಲೆ ಚೀಟಿ ಬರೆದುಕೊಟ್ಟಿದ್ದರು. ಬಂಗಾರಪೇಟೆಯಲ್ಲಿ ಗಾಡಿಗಳ ವೈರಿಂಗ್ ಕೆಲಸವನ್ನೇ ಮಾಡುವ ಒಬ್ಬ ಹುಡುಗನ ಹತ್ತಿರ ಆ ಹಾಳೆಯನ್ನು ಯಜಮಾನರ ಕೈಲಿ ಕಳಿಸದೆ ನಾನೇ ತೆಗೆದುಕೊಂಡು ಹೋದೆ. ಎರಡು ಸಲ ಓದಿದ. “ಅಕ್ಕಾ, ಪಂಪು ಸವೆದಿದ್ರೆ ಬಿಸಿ ಇದ್ದಾಗ ಸ್ಟಾರ್ಟ್ ಆಗೋಕೇ ಒದ್ದಾಡಬೇಕಿತ್ತು. ಇದು ಇಂಜಿನ್ ಅಲ್ಲಾಡಿದಾಗ ಮಾತ್ರ ಆಗ್ತಿದೆ” ಅಂದ.

ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಗಳಿಗೆ ಕಲ್ಲು ಕೊಟ್ಟು, ಯಾರನ್ನೂ ಗಾಡಿಯ ಮುಂದೆ ನಿಲ್ಲಗೊಡದೆ, ಕ್ಲಚ್ಚನ್ನು ಒಂದಿಷ್ಟೇ ಬಿಟ್ಟು ಯಂತ್ರಕ್ಕೆ ಭಾರ ಕೊಟ್ಟು ತೋರಿಸಿದ. ಯಂತ್ರ ಒಂದು ಮಗ್ಗುಲಿಗೆ ವಾಲಿತು. ಅದನ್ನು ಹೊತ್ತುಕೊಂಡಿರುವ ಮೌಂಟಿಂಗ್ ರಬ್ಬರು ಸವೆದು ಹಪ್ಪಳವಾಗಿತ್ತು. ವಾಲಿದಾಗಲೆಲ್ಲ ರೈಲ್ ಸೆನ್ಸರಿಗೆ ಹೋಗುವ ತಂತಿಯ ಕಟ್ಟು ಒಂದು ಕಬ್ಬಿಣದ ಪಟ್ಟಿಗೆ ಉಜ್ಜಿ ಉಜ್ಜಿ, ಒಂದು ತಂತಿಯ ಮೇಲಿನ ಸಿಪ್ಪೆ ಹೋಗಿ ತಾಮ್ರ ಕಾಣುತ್ತಿತ್ತು. ಅದು ಪಟ್ಟಿಗೆ ತಗುಲಿದ ಕ್ಷಣ ಇ.ಸಿ.ಎಂ.ಗೆ ಸುಳ್ಳು ಸುದ್ದಿ ಹೋಗುತ್ತಿತ್ತು, ಯಂತ್ರ ಆರುತ್ತಿತ್ತು. ಖಾಲಿ ಗಾಡಿಯಲ್ಲಿ ಯಂತ್ರ ಅಷ್ಟು ವಾಲುವುದಿಲ್ಲ. ಅದಕ್ಕೇ ಖಾಲಿ ಬರುವಾಗ ನಿಲ್ಲುತ್ತಿರಲಿಲ್ಲ. ತಂತಿಯನ್ನು ಸರಿಮಾಡಿ ರಬ್ಬರನ್ನು ಹಾಗೇ ಬಿಟ್ಟಿದ್ದರೆ ಇನ್ನಾರು ತಿಂಗಳಿಗೆ ಮತ್ತೆ ಅದೇ ಕಥೆ, ಆದ್ದರಿಂದ ಎರಡನ್ನೂ ಮಾಡಿಸಿದೆವು. ಚೀಟಿಯಲ್ಲಿ ಬರೆದಿದ್ದ ಹಣದಲ್ಲಿ ಹತ್ತನೇ ಒಂದು ಪಾಲೂ ಖರ್ಚಾಗಲಿಲ್ಲ.

ಎಲ್ಲಿಂದ ಶುರುಮಾಡಬೇಕು

ಬ್ಯಾಟರಿಯಿಂದ. ಇ.ಸಿ.ಎಂ. ಎಷ್ಟೇ ಬುದ್ಧಿವಂತನಾದರೂ ಹೊಟ್ಟೆಗಿಲ್ಲದಿದ್ದರೆ ಕೆಲಸ ಮಾಡುವುದಿಲ್ಲ. ಒಂದು ಡಿಜಿಟಲ್ ಮಲ್ಟಿಮೀಟರು ಎಲೆಕ್ಟ್ರಿಕ್ ಸಾಮಾನಿನ ಅಂಗಡಿಯಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅದರ ಗುಂಡಿಯನ್ನು ಡಿ.ಸಿ. 20 ವೋಲ್ಟಿಗೆ ತಿರುಗಿಸಿ ಕೆಂಪು ಕಡ್ಡಿಯನ್ನು ಪ್ಲಸ್ಸಿಗೆ, ಕಪ್ಪನ್ನು ಮೈನಸ್ಸಿಗೆ ಇಡಿ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ 12.6ರ ಹತ್ತಿರ ಬಂದರೆ ಬ್ಯಾಟರಿ ತುಂಬಿದೆ. 12ಕ್ಕೆ ಇಳಿದಿದ್ದರೆ ಹೆಚ್ಚುಕಡಿಮೆ ಬರಿದಾಗಿದೆ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬೀಳಬಾರದು. ಯಂತ್ರ ಓಡುವಾಗ ಸಾಧಾರಣವಾಗಿ 13.8ರಿಂದ 14.4ರವರೆಗೆ ಇರಬೇಕು. ಅದಿಲ್ಲವಾದರೆ ಡೈನಮೋ ಕಡೆ ನೋಡಿ, ಪಂಪಿನ ತಂಟೆಗೆ ಹೋಗಬೇಡಿ.

ಬ್ಯಾಟರಿಯ ತುದಿಗಳಲ್ಲಿ ಬಿಳಿ-ಹಸಿರು ಹಿಟ್ಟು ಕಟ್ಟಿದ್ದರೆ ಮೊದಲು ಮೈನಸ್ ತಂತಿ, ಆಮೇಲೆ ಪ್ಲಸ್ ತಂತಿ ಬಿಚ್ಚಿ, ಬಿಸಿನೀರಿಗೆ ಎರಡು ಚಮಚ ಅಡುಗೆ ಸೋಡ ಹಾಕಿ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ. ನೊರೆ ಬಂದು ಹಿಟ್ಟು ಬಿಡುತ್ತದೆ. ಆ ನೀರು ಬ್ಯಾಟರಿಯ ಮುಚ್ಚಳದೊಳಕ್ಕೆ ಇಳಿಯಬಾರದು. ಚೆನ್ನಾಗಿ ಒರೆಸಿ, ಬಿಗಿಮಾಡಿ, ಮೇಲೆ ವ್ಯಾಸಲೀನ್ ಸವರಿ. ಹಾಕುವಾಗ ಮೈನಸ್ಸನ್ನು ಕೊನೆಗೆ ಹಾಕಬೇಕು.

ಆಮೇಲೆ ಅರ್ಥ್. ಹಳೇ ಗಾಡಿಗಳಲ್ಲಿ ಅತಿ ಹೆಚ್ಚು ಕಾಡುವುದು ಇದೇ ಎಂದು ನನ್ನ ನಂಬಿಕೆ. ಬ್ಯಾಟರಿಯ ಮೈನಸ್ಸಿನಿಂದ ಯಂತ್ರಕ್ಕೂ ಚಾಸಿಗೂ ಹೋಗುವ ಪಟ್ಟಿಗಳು ಕೆಸರು, ಗೊಬ್ಬರದ ನೀರು, ಕೊಳೆತ ಟೊಮೇಟೊ ರಸ ಕುಡಿದು ತುಕ್ಕು ಹಿಡಿಯುತ್ತವೆ. ಪರೀಕ್ಷೆ ಸುಲಭ. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ ಗುಬುಟಿನ ಮೇಲೇ ಒತ್ತಿ, ಇನ್ನೊಂದನ್ನು ಯಂತ್ರದ ಬಣ್ಣವಿಲ್ಲದ ಕಬ್ಬಿಣಕ್ಕೆ ಒತ್ತಿ, ಯಾರಿಗಾದರೂ ಸೆಲ್ಫ್ ಹೊಡೆಯಲು ಹೇಳಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅಷ್ಟು ಕರೆಂಟು ದಾರಿಯಲ್ಲೇ ಸೋರಿಹೋಗುತ್ತಿದೆ ಎಂದರ್ಥ. ಬೋಲ್ಟು ಬಿಚ್ಚಿ, ಉಪ್ಪುಕಾಗದದಿಂದ ಉಜ್ಜಿ, ಮತ್ತೆ ಬಿಗಿಮಾಡಿಸಿ.

ಮೀಟರೊಂದನ್ನೇ ನಂಬುವಂತಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಹತ್ತಾರು ಎಳೆಗಳ ತಂತಿಯಲ್ಲಿ ಒಂದೇ ಎಳೆ ಉಳಿದಿದ್ದರೂ ಮೀಟರು 12 ವೋಲ್ಟ್ ತೋರಿಸುತ್ತದೆ. ಪಾಚಿ ಕಟ್ಟಿದ ನಲ್ಲಿಯನ್ನು ಬೆರಳಿನಿಂದ ಮುಚ್ಚಿದರೆ ಒತ್ತಡ ತಿಳಿಯುತ್ತದೆ, ಬಿಟ್ಟರೆ ದಾರದಷ್ಟು ನೀರು, ಹಾಗೆ. ಆದ್ದರಿಂದ ಫ್ಯೂಸು, ರಿಲೇ, ಟ್ಯಾಂಕಿನ ಪಂಪಿನಂಥ ದೊಡ್ಡ ತಂತಿಗಳಲ್ಲಿ ಬಲ್ಬಿರುವ ಟೆಸ್ಟ್ ಲ್ಯಾಂಪ್ ಹಾಕಿ ನೋಡಬೇಕು. ಬಲ್ಬು ಮಂಕಾಗಿ ಉರಿದರೆ ತಂತಿ ಸತ್ತಿದೆ. ಆದರೆ ಇ.ಸಿ.ಎಂ. ಮತ್ತು ಸೆನ್ಸರಿನ ಸಣ್ಣ ತಂತಿಗಳಿಗೆ ಈ ಟೆಸ್ಟ್ ಲ್ಯಾಂಪನ್ನು ತಪ್ಪಿಯೂ ಹಚ್ಚಕೂಡದು. ಅಲ್ಲಿ ಮೀಟರೇ ಬೇಕು.

ಫ್ಯೂಸನ್ನು ಕಣ್ಣಿನಿಂದ ನೋಡಿ ಸರಿಯಿದೆ ಎನ್ನಬೇಡಿ. ಎರಡೂ ಕಾಲಿನಲ್ಲಿ ಕರೆಂಟು ಬರುತ್ತದೆಯೇ ನೋಡಿ. ರಿಲೇ ಅನುಮಾನವಿದ್ದರೆ ಅದೇ ನಂಬರಿನ ಹಾರನ್ನಿನ ರಿಲೇಯನ್ನು ತೆಗೆದು ಆ ಜಾಗಕ್ಕೆ ಹಾಕಿ ನೋಡಬಹುದು. ಗಾಡಿ ಹೊರಟು ಹಾರನ್ ನಿಂತರೆ ಕಳ್ಳ ಸಿಕ್ಕಿದ. ಸುಟ್ಟ ಫ್ಯೂಸಿನ ಜಾಗಕ್ಕೆ ದೊಡ್ಡ ಫ್ಯೂಸನ್ನೋ ಬೆಳ್ಳಿ ಕಾಗದವನ್ನೋ ಹಾಕಿಕೊಡುವ ಚಾಲಾಕಿಗಳಿದ್ದಾರೆ. ಅವರಿಂದ ದೂರವಿರಿ. ಫ್ಯೂಸ್ ಉಳಿದು ತಂತಿ ಸುಡುತ್ತದೆ, ತಂತಿಯ ಜೊತೆಗೆ ಗಾಡಿ.

ಸ್ಕ್ಯಾನರಿನ ಮಾತನ್ನು ಹೇಗೆ ಕೇಳಬೇಕು

ಸ್ಟೀರಿಂಗ್ ಕೆಳಗೆ 16 ತೂತುಗಳ ಒಂದು ಸಾಕೆಟ್ ಇರುತ್ತದೆ. ಸ್ಕ್ಯಾನರು ಹಾಕಿದರೆ ಇ.ಸಿ.ಎಂ. ನೆನಪಿಟ್ಟುಕೊಂಡ ದೂರುಗಳು ನಂಬರಿನ ರೂಪದಲ್ಲಿ ಬರುತ್ತವೆ. ಆ ನಂಬರನ್ನು ಬರೆದು ಕೊಡಿ ಎಂದು ಕೇಳುವುದು ನಿಮ್ಮ ಹಕ್ಕು. ‘ಪಿ 0087’ ಎಂದು ಬಂದರೆ ರೈಲಿನಲ್ಲಿ ಒತ್ತಡ ನಿಜಕ್ಕೂ ಸಾಲದು ಎಂದು ದೂರು. ಆಗಲೂ ಮೊದಲು ಕಟ್ಟಿಕೊಂಡ ಫಿಲ್ಟರು, ಗಾಳಿ ಎಳೆಯುವ ಪೈಪು, ಡೀಸೆಲಿನಲ್ಲಿ ನೀರು ಇವನ್ನು ನೋಡಿ, ನಾಝಲಿನಿಂದ ವಾಪಸು ಸೋರುವ ಡೀಸೆಲನ್ನು ಬಾಟಲಿಯಲ್ಲಿ ಹಿಡಿದು ಅಳೆದು, ಪಂಪಿನ ಮಾತು ಕಟ್ಟಕಡೆಗೆ. ‘ಪಿ 0192’, ‘ಪಿ 0193’ ಬಂದರೆ ಅದು ರೈಲ್ ಸೆನ್ಸರಿನ ತಂತಿಯ ದಾರಿಯ ದೂರು. ‘ಪಿ 0335’ ಕ್ರ್ಯಾಂಕ್ ಸೆನ್ಸರಿನ ದಾರಿಯದು. ತಂತಿಯ ದೂರಿಗೆ ಪಂಪು ಬದಲಿಸುವುದು ತಲೆನೋವಿಗೆ ಮಂಡಿಗೆ ಎಣ್ಣೆ ತಿಕ್ಕಿದ ಹಾಗೆ.

ರೈಲ್ ಸೆನ್ಸರಿಗೆ ಸಾಮಾನ್ಯವಾಗಿ ಮೂರು ತಂತಿ. ಒಂದರಲ್ಲಿ ಇ.ಸಿ.ಎಂ. ಕೊಡುವ 5 ವೋಲ್ಟ್, ಒಂದು ಅರ್ಥ್, ಮೂರನೆಯದು ಸುದ್ದಿಯ ತಂತಿ. ಯಂತ್ರ ನಿಂತಿದ್ದು ಕೀಲಿ ಮಾತ್ರ ಆನ್ ಇದ್ದಾಗ ಸುದ್ದಿಯ ತಂತಿಯಲ್ಲಿ ಸುಮಾರು ಅರ್ಧ ವೋಲ್ಟ್ ಇರುತ್ತದೆ, ಒತ್ತಡ ಏರಿದಂತೆ ಅದೂ ಏರುತ್ತದೆ. ಒಂದೇ ಸಲಕ್ಕೆ ನಾಲ್ಕೈದು ಸೆನ್ಸರುಗಳ ದೂರು ಬಂದರೆ ಎಲ್ಲವೂ ಒಟ್ಟಿಗೆ ಕೆಟ್ಟಿವೆ ಎಂದು ಗಾಬರಿ ಬೀಳಬೇಡಿ. ಆ 5 ವೋಲ್ಟನ್ನು ಹಲವು ಸೆನ್ಸರುಗಳು ಹಂಚಿಕೊಳ್ಳುತ್ತವೆ. ಒಂದು ಕಡೆ ತಂತಿ ಅರ್ಥಿಗೆ ತಗುಲಿದರೆ ಎಲ್ಲರ ಊಟವೂ ನಿಲ್ಲುತ್ತದೆ. ಒಂದೊಂದೇ ಕಪ್ಲರ್ ಬಿಚ್ಚುತ್ತ ಹೋದರೆ ಯಾವುದನ್ನು ತೆಗೆದಾಗ 5 ವೋಲ್ಟ್ ವಾಪಸು ಬಂತೋ ಅಲ್ಲೇ ದೋಷ.

ಇನ್ನು ಅಲ್ಲಾಡಿಸಿ ನೋಡುವ ಪರೀಕ್ಷೆ. ಯಂತ್ರ ಓಡುತ್ತಿರುವಾಗ, ಫ್ಯಾನು ಬೆಲ್ಟುಗಳಿಂದ ಸೆರಗು ಜಡೆ ದೂರವಿಟ್ಟು (ಇದನ್ನು ಗಂಡಸರ ಪುಸ್ತಕಗಳಲ್ಲಿ ಯಾರೂ ಬರೆಯುವುದಿಲ್ಲ), ತಂತಿಯ ಕಟ್ಟನ್ನು ಗೇಣುಗೇಣಾಗಿ ಮೆಲ್ಲಗೆ ಅಲ್ಲಾಡಿಸುತ್ತ ಹೋಗಬೇಕು. ಯಂತ್ರ ತಡವರಿಸಿದ ಜಾಗದಲ್ಲಿ ಬಿಚ್ಚಿ ನೋಡಿ. ಡೈನಮೋ ಹತ್ತಿರ, ಸೈಲೆನ್ಸರ್ ಹತ್ತಿರ, ಕ್ಲಿಪ್ಪು ಮುರಿದ ಜಾಗ, ಇವು ಮುಖ್ಯ. ಹುಲ್ಲು, ಹಿಂಡಿ ಸಾಗಿಸುವ ಗಾಡಿಯಲ್ಲಿ ಇಲಿಯ ಕಾಟವೂ ಸೇರುತ್ತದೆ. ಸಿಕ್ಕ ತಂತಿಯನ್ನು ಹೊಸೆದು ಕಪ್ಪು ಟೇಪು ಸುತ್ತಿದರೆ ಯಂತ್ರದ ಬಿಸಿಗೆ ಟೇಪು ಕರಗಿ ಬಿಡುತ್ತದೆ. ಸರಿಯಾಗಿ ಜೋಡಿಸಿ, ಬಿಸಿಗೆ ಕುಗ್ಗುವ ಸ್ಲೀವು ಹಾಕಿ, ಮೇಲೆ ಸುರುಳಿ ಪೈಪು ತೊಡಿಸಿ, ಯಂತ್ರ ಅಲ್ಲಾಡಲು ಸ್ವಲ್ಪ ಸಡಿಲ ಬಿಟ್ಟು ಕಟ್ಟಿಸಬೇಕು. ಪರೀಕ್ಷೆಗೆಂದು ತಂತಿಗೆ ಸೂಜಿ ಚುಚ್ಚುವುದು ಬೇಡ. ಆ ತೂತಿನಿಂದ ನೀರಿಳಿದು ಒಳಗೇ ಹಸಿರು ಕಟ್ಟುತ್ತದೆ.

ಪ್ರಾಣಕ್ಕೆ ಸಂಬಂಧಿಸಿದ ಮಾತು

ಹಳೇ ಲಾರಿಗಳಲ್ಲಿ ಕೈಪಳಗಿದ ಮೇಸ್ತ್ರಿಗಳಿಗೆ ಒಂದು ಅಭ್ಯಾಸವಿದೆ. ಯಂತ್ರ ಓಡುತ್ತಿರುವಾಗಲೇ ನಾಝಲಿನ ಪೈಪಿನ ನಟ್ಟು ಸಡಿಲಿಸಿ ಡೀಸೆಲ್ ಚಿಮ್ಮುವುದನ್ನು ನೋಡುವುದು. ಕಾಮನ್ ರೈಲ್ ಗಾಡಿಯಲ್ಲಿ ಇದನ್ನು ಮಾಡಲೇಕೂಡದು. ಲಾರಿ ಟೈರಿನ ಗಾಳಿ ಎಂಟು ಹತ್ತು ಬಾರ್ ಇದ್ದರೆ, ರೈಲಿನಲ್ಲಿ ಸಾವಿರ ಬಾರ್ ದಾಟುತ್ತದೆ. ಕೂದಲೆಳೆಯಷ್ಟು ಧಾರೆ ಚರ್ಮ ಸೀಳಿ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ, ಒಳಗೆ ಮಾಂಸ ಕೊಳೆಯುತ್ತದೆ. ಅರಿಸಿನ ಮೆತ್ತಿ ಕೂರದೆ, ನೋವಿಲ್ಲದಿದ್ದರೂ ತಕ್ಷಣ ಶಸ್ತ್ರಚಿಕಿತ್ಸೆಯಿರುವ ದೊಡ್ಡ ಆಸ್ಪತ್ರೆಗೆ ಹೋಗಿ, ಡೀಸೆಲ್ ಒಳಗೆ ಹೊಕ್ಕಿದೆ ಎಂದು ಬಾಯಿಬಿಟ್ಟು ಹೇಳಬೇಕು. ನಾಝಲಿನ ಕಪ್ಲರಿಗೆ ಬರುವ ಕರೆಂಟೂ 12 ವೋಲ್ಟಲ್ಲ, ಅದಕ್ಕಿಂತ ಹಲವು ಪಟ್ಟು. ಓಡುವಾಗ ಅದನ್ನು ಕೀಳಬಾರದು.

ಟಾಟಾ ಏಸ್‌ನಂಥ ಸಣ್ಣ ಗಾಡಿಗಳನ್ನು ನಮ್ಮ ಕೆ.ಜಿ.ಎಫ್. ಕಡೆ ತಮಿಳಿನವರು ‘ಕುಟ್ಟಿ ಯಾನೈ’ ಎಂದು ಮುದ್ದಾಗಿ ಕರೆಯುತ್ತಾರೆ. ಅವುಗಳಲ್ಲಿ ಪೆಟ್ರೋಲಿನವೂ ಇವೆ. ಪೆಟ್ರೋಲ್ ಗಾಡಿಗೆ ಕರೆಂಟಿನ ಪಂಪು ಟ್ಯಾಂಕಿನೊಳಗೇ ಇರುತ್ತದೆ. ಕೀಲಿ ಆನ್ ಮಾಡಿದೊಡನೆ ಎರಡು ಮೂರು ಸೆಕೆಂಡು ಟ್ಯಾಂಕಿನ ಕಡೆಯಿಂದ ಜೇನು ಗುಂಯ್ ಎಂದ ಹಾಗೆ ಸದ್ದು ಬರಬೇಕು. ಬಾರದಿದ್ದರೆ ಫ್ಯೂಸು, ರಿಲೇ, ಟ್ಯಾಂಕಿನ ಮೇಲಿನ ಕಪ್ಲರ್ ಈ ಕ್ರಮದಲ್ಲಿ ನೋಡಿಸಿ. ಪೆಟ್ರೋಲಿನ ವಾಸನೆ ಹೊಡೆಯುತ್ತಿದ್ದರೆ ಯಾವ ಸ್ವಿಚ್ಚನ್ನೂ ಮುಟ್ಟದೆ ದೂರ ಸರಿಯಿರಿ.

ಡೀಸೆಲ್ ಮುಳ್ಳು ಒಮ್ಮೆ ಅರ್ಧ ಒಮ್ಮೆ ಖಾಲಿ ಎಂದು ಕುಣಿಯುವುದೂ ಹಳೇ ಗಾಡಿಯ ರೋಗವೇ. ಟ್ಯಾಂಕಿನೊಳಗಿನ ತೇಲುಗುಂಡಿನ ಪಟ್ಟಿ ಸವೆದಿರುತ್ತದೆ, ಇಲ್ಲವೇ ಅದರ ಅರ್ಥ್ ಸಡಿಲವಾಗಿರುತ್ತದೆ. ಸರಿಮಾಡಿಸುವವರೆಗೆ ಕಿಲೋಮೀಟರ್ ಲೆಕ್ಕದಲ್ಲಿ ಡೀಸೆಲ್ ಹಾಕಿಸಿ. ಫಿಲ್ಟರಿನಲ್ಲಿ ನೀರಿದೆ ಎಂಬ ದೀಪ ಹತ್ತಿದರೆ ಮಾತ್ರ ಅದನ್ನು ತಂತಿಯ ದೋಷ ಎಂದು ತಳ್ಳಿಹಾಕದೆ, ಯಂತ್ರ ಆರಿಸಿ, ಫಿಲ್ಟರಿನ ಅಡಿಯ ತಿರುಪು ಬಿಟ್ಟು ನೀರು ಇಳಿಸಿ. ಬರೇ ಡೀಸೆಲ್ ಬರತೊಡಗಿದಾಗ ನಿಲ್ಲಿಸಿ.

ಕಡೆಯದಾಗಿ ಅಲಂಕಾರದ ವಿಷಯ. ಆಯುಧಪೂಜೆ ಹತ್ತಿರ ಬಂದರೆ ಗಾಡಿಗೆ ಬಣ್ಣದ ಲೈಟು, ಹಾಡಿನ ಪೆಟ್ಟಿಗೆ, ದೊಡ್ಡ ಹಾರನ್ ಹಾಕಿಸುವ ಹುಚ್ಚು ನಮ್ಮ ಹುಡುಗರಿಗೆ. ಹಾಕಿಸಲಿ ಬಿಡಿ. ಆದರೆ ಕೈಗೆ ಸಿಕ್ಕ ಯಂತ್ರದ ತಂತಿಯನ್ನು ಕೊಯ್ದು ಅಲ್ಲಿಂದ ಕರೆಂಟು ಕದಿಯಬಾರದು, ಬ್ಯಾಟರಿಯಿಂದ ಬೇರೆ ತಂತಿ, ಬೇರೆ ಫ್ಯೂಸ್, ಬೇರೆ ರಿಲೇ ಎಂದು ಮೊದಲೇ ಹೇಳಿ ಕಳಿಸಿ. ಹಾಗೆಯೇ ಬಾಕ್ಸು ಜೋಡಿಸಲು ಕಂಬಿ ವೆಲ್ಡಿಂಗ್ ಮಾಡಿಸುವ ದಿನ, ವೆಲ್ಡಿಂಗಿನವನು ಕೈ ಹಚ್ಚುವ ಮುಂಚೆ ಬ್ಯಾಟರಿಯ ತಂತಿಗಳನ್ನೂ ಇ.ಸಿ.ಎಂ. ಕಪ್ಲರನ್ನೂ ಬಿಚ್ಚಿಸಿ, ಅವನ ಅರ್ಥ್ ಕ್ಲಿಪ್ಪನ್ನು ವೆಲ್ಡಿಂಗ್ ಮಾಡುವ ಜಾಗದ ಪಕ್ಕದಲ್ಲೇ ಹಾಕಿಸಿ.